ಖೋಲಿಯ ನಾಲ್ಕನೆಯವಳು

ಇದರಲ್ಲಿ ಕೆಲವು ಸಂಗತಿಗಳು ತಪ್ಪಿರಬಹುದು. ಆ ನಗೆನಾಟಕ ರೇಡಿಯೋದಲ್ಲಿ ಬುಧವಾರ ಬರುತ್ತಿತ್ತು ಎಂದು ನಾನು ಎಷ್ಟೋ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಆದರೆ ನನ್ನ ಹಳೆಯ ದಿನಚರಿಯ ಒಂದು ಪುಟದಲ್ಲಿ "ಶುಕ್ರವಾರ. ಇವತ್ತು ಖೋಲಿ ಇತ್ತು" ಎಂದು ನನ್ನದೇ ಅಕ್ಷರದಲ್ಲಿ ಬರೆದಿದೆ. ಬರೆದದ್ದು ಸುಳ್ಳಾಗಲಾರದು. ಆದರೂ ಮನಸ್ಸು ಬುಧವಾರವನ್ನು ಬಿಟ್ಟುಕೊಡುವುದಿಲ್ಲ. ಒಂದು ವಾರದ ಹೆಸರಿನಲ್ಲೇ ಹೀಗಾದರೆ, ಯಾರು ಯಾವ ಮಾತು ಆಡಿದರು ಎಂಬುದರಲ್ಲಿ ನನ್ನನ್ನು ಎಷ್ಟು ನಂಬಬೇಕೋ ನನಗೇ ತಿಳಿಯದು. ದಿನಚರಿಯಲ್ಲಿ ಇದ್ದದ್ದನ್ನು ಇದ್ದಂತೆ ಇಡುತ್ತೇನೆ. ಉಳಿದದ್ದು ನೆನಪು.

ನಾಟಕದ ನಿಜವಾದ ಹೆಸರು ಮರೆತಿದೆ. ನಾವು ಅದನ್ನು "ಖೋಲಿ" ಎಂದು ಕರೆಯುತ್ತಿದ್ದೆವು. ಹೆಸರಿಲ್ಲದ ಒಂದು ಪಟ್ಟಣ, ಅಲ್ಲಿ ಒಂದು ಬಾಡಿಗೆ ಖೋಲಿ, ಖೋಲಿಯಲ್ಲಿ ಮೂವರು ಹುಡುಗಿಯರು. ಒಬ್ಬಳಿಗೆ ಶಾಲೆಯಲ್ಲಿ ಕಲಿಸುವ ಕೆಲಸ, ಆದರೆ ಅದು ಕಾಯಂ ಆಗುತ್ತಲೇ ಇರಲಿಲ್ಲ. ಇನ್ನೊಬ್ಬಳು ನರ್ಸ್ ಆಗಲು ಕಲಿಯುತ್ತಿದ್ದಳು, ರಕ್ತ ಕಂಡರೆ ತಲೆ ತಿರುಗಿ ಬೀಳುತ್ತಿದ್ದಳು. ಮೂರನೆಯವಳು ಟೈಪಿಂಗ್ ಕಲಿತು ನೌಕರಿ ಹುಡುಕುತ್ತಿದ್ದಳು. ಅವರಿಗೆ ಹೆಸರುಗಳಿದ್ದವು, ಖಂಡಿತ ಇದ್ದವು. ನಮಗೆ ಅವರು ಮಾಸ್ತರಬಾಯಿ, ನರ್ಸಬಾಯಿ, ಟೈಪಿನಾಕಿ. ಹೊತ್ತಿಕೊಳ್ಳದ ಒಂದು ಸೀಮೆಎಣ್ಣೆ ಸ್ಟೋ ಇತ್ತು, ಮಾತುಮಾತಿಗೆ ಬೈಯುವ ಖೋಲಿಯ ಮಾಲಕಿ ಇದ್ದಳು. ಮೂವರ ನಡುವೆ ಹೊರಗೆ ಉಟ್ಟು ಹೋಗುವಂಥ ಸೀರೆ ಒಂದೇ ಇತ್ತು. ಒಂದೇ ದಿನ ಇಬ್ಬರಿಗೆ ಆ ಸೀರೆ ಬೇಕಾದರೆ ಆ ವಾರದ ನಾಟಕ ಅದೇ.

ನಾನಾಗ ಗದಗಿಗೆ ಹತ್ತಿಕೊಂಡ ಬೆಟಗೇರಿಯಲ್ಲಿ ಹನ್ನೆರಡು ಹದಿಮೂರರ ಹುಡುಗಿ. ಮುಂದಿನ ಕೋಣೆಯಲ್ಲಿ ಅಪ್ಪನ ಕುಣಿಮಗ್ಗ, ಪಕ್ಕದಲ್ಲಿ ನೂಲು ಸುತ್ತುವ ರಾಟೆ. ರಾಟೆಯ ಮುಂದೆ ಅವ್ವನ ತಂಗಿ, ನನ್ನ ಚಿಗವ್ವ. ನನಗಿಂತ ಏಳು ವರ್ಷ ದೊಡ್ಡವಳು. ಶಿರಹಟ್ಟಿಯ ತವರಿನಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಲಕ್ಷ್ಮೇಶ್ವರಕ್ಕೆ ಮದುವೆಯಾಗಿ ಹೋಗಿ, ವರ್ಷ ತುಂಬುವ ಮೊದಲೇ ತಿರುಗಿ ಬಂದಿದ್ದಳು. ಯಾಕೆ ಎಂದು ನನಗೆ ಯಾರೂ ಹೇಳಲಿಲ್ಲ. ಶಿರಹಟ್ಟಿಯ ಅಜ್ಜ ಅವಳನ್ನು ಮನೆಯಲ್ಲಿ ಇಟ್ಟುಕೊಳ್ಳಲು ಒಪ್ಪದೆ ಅಕ್ಕನ ಮನೆಗೆ ಕಳಿಸಿದ್ದ. ಶಿರಹಟ್ಟಿ ಲಕ್ಷ್ಮೇಶ್ವರ ಎರಡೂ ಸಂಸ್ಥಾನದ ಊರುಗಳು, ಗದಗಿಗೆ ಸ್ವಾತಂತ್ರ್ಯ ಬಂದಾಗ ಅಲ್ಲಿನ್ನೂ ರಾಜರ ಕಾರಭಾರ. ಚಿಗವ್ವ ಅದನ್ನು ಹೇಳಿ ನಗುತ್ತಿದ್ದಳು: "ನಿಮಗ ಮೊದಲ ಬಂತು, ನಮ್ಮೂರಿಗೆ ತಡಾ ಮಾಡಿ ಬಂತು. ನನಗ ಇನ್ನೂ ದಾರ್‍ಯಾಗ ಐತಿ ನೋಡು."

ನಮ್ಮ ಓಣಿಯಿಂದ ಹೈಸ್ಕೂಲಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಓರಗೆಯವರೆಲ್ಲ ತಮ್ಮ ತಮ್ಮ ಮನೆಯ ರಾಟೆಯ ಮುಂದೆ ಕುಳಿತಾಗಿತ್ತು. ನಾನು ಹಾದು ಹೋಗುವಾಗ "ಸಾಹೇಬರ ಸವಾರಿ ಹೊಂಟತಿ" ಎನ್ನುತ್ತಿದ್ದರು. ಹೈಸ್ಕೂಲಿನಲ್ಲಿ ವಕೀಲರ, ವ್ಯಾಪಾರಿಗಳ ಮಕ್ಕಳು. ರವಿವಾರ ನೂಲಿಗೆ ಬಣ್ಣ ಹಾಕುವಾಗ ನಾನೂ ಕೈ ಹಚ್ಚುತ್ತಿದ್ದೆನಾದ್ದರಿಂದ ಸೋಮವಾರ ನನ್ನ ಬೆರಳುಗಳು ನೀಲಿ. ಆ ನೀಲಿ ತಮ್ಮ ಪುಸ್ತಕಕ್ಕೆ ಹತ್ತೀತು ಎಂದು ಅವರು ಸರಿದು ಕೂರುತ್ತಿದ್ದರು. ಅದರಲ್ಲಿ ದ್ವೇಷವೇನೂ ಇರಲಿಲ್ಲ ಎಂದು ಈಗ ಅನಿಸುತ್ತದೆ. ಆಗ ನನಗೆ ಎರಡೂ ಕಡೆ ಕುಳಿತುಕೊಳ್ಳಲು ಜಾಗವಿರಲಿಲ್ಲ. ಮಾತನಾಡಲು ಇದ್ದವಳು ಚಿಗವ್ವ ಒಬ್ಬಳೇ.

ರೇಡಿಯೋ ಇದ್ದದ್ದು ಹಿಂದಿನ ಓಣಿಯ ನೂಲಿನ ವ್ಯಾಪಾರಿಯ ಮನೆಯಲ್ಲಿ. ಅವನ ತಾಯಿಗೆ ಕಿವಿ ಮಂದ, ಹಾಗಾಗಿ ರೇಡಿಯೋವನ್ನು ದೊಡ್ಡದಾಗಿ ಹಚ್ಚುತ್ತಿದ್ದಳು. ನಾನೂ ಚಿಗವ್ವನೂ ಸಂಜೆ ಅವರ ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಹೋಗಿ ಕೂರುತ್ತಿದ್ದೆವು. ಮುದುಕಿ ಕಿಟಕಿ ತೆಗೆದು ಕೇಳುತ್ತಿದ್ದಳು:

"ಬಂದ್ರೇನವಾ? ಸುರು ಆಗೇತಿ ನೋಡ್ರಿ. ಏನಂತಾವು ಈ ಹುಡಿಗ್ಯಾರು?"

"ಸ್ಟೋ ಹತ್ತವಲ್ದಂತ್ರಿ!" ಚಿಗವ್ವ ಕೂಗಿ ಹೇಳುತ್ತಿದ್ದಳು.

"ಇನ್ನೂ ಹತ್ತಿಲ್ಲೇನು? ಹೋದ ವಾರದಿಂದ ಉಪಾಸ ಅದಾವಲ್ಲ ಪಾಪ!"

ಆದರೆ ನಾಟಕ ಮುಗಿಯುವವರೆಗೆ ಕೇಳುವ ಭಾಗ್ಯ ನಮಗೆ ಬಹಳ ಕಡಿಮೆ. ನಡುವೆ ವ್ಯಾಪಾರಿ ಅಂಗಡಿಯಿಂದ ಬರುತ್ತಿದ್ದ. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು, ಒಳಗೊಂದು ಕಟಕ್ ಎಂಬ ಸದ್ದು, ಆಮೇಲೆ ಯಾರೋ ಗಂಡಸು ಬೇರೆ ಭಾಷೆಯಲ್ಲಿ ಸುದ್ದಿ ಓದುತ್ತಿದ್ದ. ಮಾಸ್ತರಬಾಯಿ ಸೀರೆಗೆ ಶಾಯಿ ಚೆಲ್ಲಿಕೊಂಡು ನಿಂತಿರುತ್ತಿದ್ದಳು, ಮರುದಿನ ಅದನ್ನು ಉಟ್ಟು ಟೈಪಿನಾಕಿ ಎಲ್ಲಿಗೋ ಹೋಗಬೇಕಾಗಿರುತ್ತಿತ್ತು, ಅಷ್ಟರಲ್ಲಿ ಕಟಕ್.

"ಮುಂದ ಏನಾತು ಚಿಗವ್ವ?"

"ನಾಳಿ ರಾಟಿ ಮುಂದ ಬಾ, ಹೇಳ್ತೀನಿ."

ಅವಳಿಗೆ ರಾಟೆಯಿಲ್ಲದೆ ಕತೆ ಹೇಳಲು ಬರುತ್ತಿರಲಿಲ್ಲ. ಬಲಗೈ ಚಕ್ರ ತಿರುಗಿಸುತ್ತಿತ್ತು, ಎಡಗೈ ನೂಲು ಹಿಡಿದಿರುತ್ತಿತ್ತು, ಲಾಳಿಯೊಳಗೆ ಕೂರುವ ಸಣ್ಣ ಕಂಡಿಕೆಯ ಮೇಲೆ ನೂಲು ತುಂಬುತ್ತ ಹೋದಂತೆ ಮಾತೂ ಹೋಗುತ್ತಿತ್ತು. ಎಳೆ ಹರಿದರೆ ಮಾತು ನಿಲ್ಲುತ್ತಿತ್ತು, ಗಂಟು ಹಾಕಿದ ಮೇಲೆಯೇ ಮುಂದೆ. "ಇನ್ನ ಎಷ್ಟ ಐತಿ?" ಎಂದರೆ "ಎರಡು ಕಂಡಿಕಿ ಐತಿ" ಎನ್ನುತ್ತಿದ್ದಳು. ನಾವು ಕೇಳದ ಭಾಗ ಅವಳಿಗೆ ಹೇಗೆ ಗೊತ್ತು ಎಂದು ಒಮ್ಮೆ ಕೇಳಿದೆ. ವ್ಯಾಪಾರಿಯ ತಾಯಿ ಹೇಳಿದಳು ಎಂದಳು. ಒಲೆಯ ಮುಂದಿದ್ದ ಅವ್ವ ನಕ್ಕಳು: "ಆ ಮುದುಕಿಗೆ ತನ್ನ ಕೆಮ್ಮ ತನಗ ಕೇಳಾಂಗಿಲ್ಲ, ಆಕಿ ಹೇಳ್ಯಾಳಂತ ಈಕಿಗೆ!"

ಹಾಗಾಗಿ ನನ್ನ ತಲೆಯಲ್ಲಿರುವ "ಖೋಲಿ"ಯಲ್ಲಿ ರೇಡಿಯೋದ್ದು ಎಷ್ಟು, ಚಿಗವ್ವನದು ಎಷ್ಟು ಎಂದು ಬಿಡಿಸಲು ಬರುವುದಿಲ್ಲ.

ನಾಲ್ಕನೆಯವಳು ಬಂದದ್ದು ಹೀಗೆ, ರಾಟೆಯ ಮುಂದೆ. ಒಂದು ದಿನ ಚಿಗವ್ವ ಹೇಳಿದಳು, ಖೋಲಿಗೆ ಒಂದು ಕಾಗದ ಬಂದಿದೆಯಂತೆ, ಬೆಟಗೇರಿಯಿಂದ ಒಬ್ಬ ಸಣ್ಣ ಹುಡುಗಿ ಅಲ್ಲಿ ಇರಲು ಬರುತ್ತಾಳಂತೆ. ಮೂವರೂ ಅವಳಿಗಾಗಿ ಒಂದು ತಾಟು ಹೆಚ್ಚಿಗೆ ಇಟ್ಟು ಕಾಯುತ್ತಾರೆ. ಅವಳು ಬರುವುದಿಲ್ಲ. ಒಂದು ವಾರ ಡಂಬಳದ ಹತ್ತಿರ ಬಸ್ಸಿಗೆ ಕುರಿಯ ಹಿಂಡು ಅಡ್ಡ ಬಂತು. ಮತ್ತೊಂದು ವಾರ ಬಸ್ಸಿನಲ್ಲಿ ನಿದ್ದೆಹೋಗಿ ತಿರುಗಿ ಗದಗಿಗೇ ಬಂದಿಳಿದಳು. ಇನ್ನೊಮ್ಮೆ ಹಾಸಿಗೆ ಮರೆತು ಅರ್ಧ ದಾರಿಯಿಂದ ಮನೆಗೆ ಓಡಿದಳು. ಖೋಲಿ ಯಾವ ಊರಿನಲ್ಲಿದ್ದರೂ ಬಸ್ಸು ಮಾತ್ರ ನಮ್ಮ ಕಡೆಯದೇ.

"ಈ ವಾರರೆ ಮುಟ್ಟತಾಳೇನು?"

"ನೋಡೂಣು. ನರ್ಸಬಾಯಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತಾಳ."

ಆ ಹುಡುಗಿ ನಾನೇ ಎಂದು ನನಗೆ ಗೊತ್ತಿತ್ತು. ಅವಳು ರೇಡಿಯೋದಲ್ಲಿಯೂ ಇದ್ದಾಳೆ ಎಂದೂ ನಂಬಿದ್ದೆ. ಈ ಎರಡನ್ನೂ ಒಟ್ಟಿಗೆ ಹೇಗೆ ನಂಬಿದ್ದೆನೋ. ದಿನಚರಿಯಲ್ಲಿ ಆ ವರ್ಷ ನಾಲ್ಕನೆಯವಳ ಬಗ್ಗೆ ಒಂದು ಸಾಲೂ ಇಲ್ಲ.

ಆದರೆ ಚಿಗವ್ವ ಕೊಟ್ಟ ಮಾತು ದಿನಚರಿಯಲ್ಲಿದೆ. "ನೀ ಮ್ಯಾಟ್ರಿಕ್ ಪಾಸ್ ಆಗು. ಅಷ್ಟರಾಗ ನಾ ಟ್ರೇನಿಂಗ್ ಮುಗಿಸಿ ಮಾಸ್ತರಬಾಯಿ ಆಗ್ತೀನಿ. ಒಂದು ಖೋಲಿ ಹಿಡಿಯೂಣು, ಇಬ್ಬರೂ ಇರೂಣು." ಇದನ್ನು ನಾನು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ. ಆಮೇಲಿನ ನಾಲ್ಕು ವರ್ಷ ನನಗೆ ಬೇಕಾಗಿದ್ದದ್ದು ಇದೊಂದೇ. ಮನೆ ಬಿಡಬೇಕೆಂದಲ್ಲ, ದೊಡ್ಡ ನೌಕರಿ ಬೇಕೆಂದಲ್ಲ. ಆ ಖೋಲಿಯಲ್ಲಿ ನನ್ನ ಹಾಸಿಗೆ ಬಿಚ್ಚುವಷ್ಟು ಜಾಗ.

ನಮ್ಮ ಮನೆಯಲ್ಲಿ ಆ ನಾಟಕವನ್ನು ಎಲ್ಲರಿಗಿಂತ ಹೆಚ್ಚು ಗಂಭೀರವಾಗಿ ತೆಗೆದುಕೊಂಡವನು ಅಪ್ಪ. ಒಮ್ಮೆಯೂ ಕೇಳಿದವನಲ್ಲ. ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಳಿತಲ್ಲಿಯೇ ಚಿಗವ್ವನ ಕತೆ ಅವನ ಕಿವಿಗೆ ಬೀಳುತ್ತಿತ್ತು. ಒಂದು ದಿನ ಲಾಳಿ ನಿಲ್ಲಿಸಿ ಕೇಳಿದ:

"ಆ ಸೀರಿ ಅಗಲ ಎಷ್ಟ ಐತಿ?"

"ಯಾವ ಸೀರಿ ಭಾವ?"

"ಅದ, ಮೂರೂ ಮಂದಿ ಉಡತಾರಲ್ಲ. ಒಬ್ಬಾಕಿ ಉದ್ದ ಅದಾಳ ಅಂತೀ, ಒಬ್ಬಾಕಿ ಗಿಡ್ಡ ಅಂತೀ. ಅಗಲ ಕಡಿಮಿ ಇದ್ರ ಉದ್ದನಾಕಿಗೆ ಹಿಮ್ಮಡ ಕಾಣತಾವು, ಹೆಚ್ಚಿದ್ರ ಗಿಡ್ಡನಾಕಿ ಎಡವಿ ಬೀಳತಾಳ."

ಅವ್ವ ಒಳಗಿನಿಂದ ಅಂದಳು: "ರೇಡಿಯೋದಾಗಿನ ಮಂದೀಗೆ ಹಿಮ್ಮಡ ಎಲ್ಲಿಂದ ಬರತಾವ್ರೀ?"

"ಹಿಮ್ಮಡ ಇಲ್ದ ಹ್ಯಾಂಗ ನಡೀತಾರ?" ಅಪ್ಪ ನಗಲಿಲ್ಲ. "ಎರಡು ದಿನಕ್ಕೊಮ್ಮೆ ಒಗೀತಾರ, ಮೂರು ಮಂದಿ ಜಗ್ಗತಾರ. ಆರು ತಿಂಗಳಕ್ಕ ನಿರಿಗಿ ಬಿದ್ದಲ್ಲಿ ಸೀಳತೈತಿ. ಬರದುಕೋ ಬೇಕಾದ್ರ."

ಅಲ್ಲಿಂದ ಪ್ರತಿ ವಾರ ಅವನ ಪ್ರಶ್ನೆ ಒಂದೇ: "ಇನ್ನೂ ತಡದೈತೇನು?" ತಡೆದಿದೆ ಎಂದರೆ ತಲೆ ಅಲ್ಲಾಡಿಸುತ್ತಿದ್ದ. ಆರು ತಿಂಗಳು ಕಳೆದು ಎಂಟಾಯಿತು. ಸೀರೆ ಹರಿಯಲಿಲ್ಲ. ಅಪ್ಪನಿಗೆ ಅದು ತನ್ನ ಕಸುಬಿನ ಮೇಲೆ ಬಂದ ಮಾತಿನಂತೆ ಆಯಿತು. "ನಾಟಕ ಬರೆದಾವಗ ನೇಯ್ಗಿ ಗೊತ್ತಿಲ್ಲ. ಯಾವ ಸೀರಿನೂ ಇಷ್ಟು ತಡಿಯಾಂಗಿಲ್ಲ. ಪಾಪ ಆ ಹುಡಿಗ್ಯಾರು ಹರಕ ಉಟಗೊಂಡು ಅಡ್ಡಾಡತಿರಬೇಕು, ನಾಚಿ ಹೇಳವಲ್ಲರು." ಮಗ್ಗಕ್ಕೆ ಏರಿಸಿದ ಬೇರೆ ಬೇರೆ ಹಾಸುಗಳಲ್ಲಿ ಉಳಿದ ನೂಲು ಕೂಡಿಸಿ, ತನ್ನ ಕೆಲಸ ಮುಗಿದ ಹೊತ್ತಿನಲ್ಲಿ, ಅವರಿಗಾಗಿ ಒಂದು ಸೀರೆ ಹೂಡಿದ. ನೀಲಿ ಒಡಲು, ಅಂಚಿಗೆ ಕೆಂಪು ದಡಿ. ಸೆರಗಿನ ಕೆಂಪು ದಡಿಯ ಕೆಂಪಿಗೆ ಹೊಂದುತ್ತಿರಲಿಲ್ಲ. ಆ ಸೀರೆಯ ಕಂಡಿಕೆಗಳನ್ನೆಲ್ಲ ಚಿಗವ್ವನೇ ಸುತ್ತಿದಳು. ಖೋಲಿ ನಿಜವಲ್ಲ ಎಂದು ಅಪ್ಪನಿಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೂ ನೇಯ್ದನೇ? ಅವನನ್ನು ಕೇಳುವ ಬುದ್ಧಿ ನನಗೆ ಬಂದಾಗ ಅವನಿರಲಿಲ್ಲ.

ಚಿಗವ್ವನಿಗೆ ಧಾರವಾಡದಲ್ಲಿ ಟ್ರೇನಿಂಗಿಗೆ ಜಾಗ ಸಿಕ್ಕಾಗ ಸೀರೆ ಮಗ್ಗದಿಂದ ಇಳಿದು ಹದಿನೈದು ದಿನವಾಗಿತ್ತು. ಶಿರಹಟ್ಟಿಯ ಅಜ್ಜ ಬೇಡವೆಂದು ಹೇಳಿ ಕಳಿಸಿದ. ಅಪ್ಪ ಆ ಮಾತನ್ನು ಕೇಳಿಯೂ ಕೇಳದವನಂತೆ ಸೀರೆ ಮಡಚಿ ಅವಳ ಕೈಗಿಟ್ಟ. "ಆ ಹುಡಿಗ್ಯಾರು ಅಲ್ಲೇ ಎಲ್ಲೋ ಇರತಾರ. ಕೊಡು. ಸಿಗಲಿಲ್ಲಂದ್ರ ನಿನ್ನ ಖೋಲ್ಯಾಗ ಇಟಗೋ."

ಅವಳು ಹೋದ ಮೇಲೆ ನಾನು ಒಬ್ಬಳೇ ಕಟ್ಟೆಯ ಮೇಲೆ ಕೂತು ಕೇಳಿದೆ, ಎಷ್ಟು ವಾರವೋ. ಕಟಕ್ ಎಂದ ಮೇಲೆ ಎದ್ದು ಮನೆಗೆ ಬರುತ್ತಿದ್ದೆ. ಮುಂದೆ ಏನಾಯಿತು ಎಂದು ಕೇಳಲು ಯಾರೂ ಇಲ್ಲ, ಹೇಳಲೂ ಇಲ್ಲ. ಮರುದಿನ ರಾಟೆಯ ಮುಂದೆ ಕೂತು ನಾನೇ ಕತೆ ಮುಗಿಸಿಕೊಳ್ಳಲು ನೋಡಿದೆ. ನನಗೆ ಬರಲಿಲ್ಲ. ನನ್ನ ಕಂಡಿಕೆಗಳು ಸಡಿಲಾಗಿ ಲಾಳಿಯಲ್ಲಿ ಸಿಕ್ಕಿಬೀಳುತ್ತಿದ್ದವು, ಅಪ್ಪ ಅವನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದ. ಆಮೇಲೆ ವ್ಯಾಪಾರಿಯ ತಾಯಿ ತೀರಿಕೊಂಡಳು, ಕಿಟಕಿ ತೆಗೆಯುವವರು ಇಲ್ಲವಾದರು. ನಾಟಕ ಯಾವಾಗ ನಿಂತಿತೋ ನನಗೆ ತಿಳಿಯಲೇ ಇಲ್ಲ.

ಚಿಗವ್ವನ ಕಾಗದಗಳು ಮೊದಲು ತಿಂಗಳಿಗೊಂದು, ಆಮೇಲೆ ಹಬ್ಬಕ್ಕೊಂದು. ಟ್ರೇನಿಂಗ್ ಮುಗಿದು ಮುಂಡರಗಿಯ ಶಾಲೆಯಲ್ಲಿ ಕೆಲಸ ಸಿಕ್ಕಿತು. "ಇಬ್ಬರು ಗೆಳತಿಯರು ಸಿಕ್ಕಿದ್ದಾರೆ, ಜೊತೆಗೇ ಟ್ರೇನಿಂಗ್ ಮಾಡಿದವರು. ಒಂದು ಖೋಲಿ ಹಿಡಿದಿದ್ದೇವೆ" ಎಂದು ಬರೆದಳು. ನನಗೆ ಸಂತೋಷವೇ ಆಯಿತು. ಮೂವರು ಆದರು, ಇನ್ನು ನಾನು ಹೋಗುವುದೊಂದೇ ಬಾಕಿ ಎಂದುಕೊಂಡೆ. ಆ ಬೇಸಿಗೆ ನಾನು ಮ್ಯಾಟ್ರಿಕ್ ಪಾಸಾದೆ. ಕಾಗದ ಬರೆದೆ. ಮಳೆಗಾಲವೆಲ್ಲ ಉತ್ತರವಿಲ್ಲ. ದೀಪಾವಳಿಗೆ ಅವಳು ಬೆಟಗೇರಿಗೆ ಬರಲಿಲ್ಲ. ಬದಲಿಗೆ ಒಂದು ಕಾರ್ಡು ಬಂತು: "ಸೂಟಿ ಇದೆ, ನೀನೇ ಬಾ. ನಿನ್ನನ್ನು ನೋಡಿ ಬಹಳ ದಿನವಾಯಿತು."

ನಾನು ಹಾಸಿಗೆ ಕಟ್ಟಿದೆ. ಅವ್ವ ಕೇಳಿದಳು, "ಹಾಸಿಗಿ ಯಾಕವಾ?" "ಅಲ್ಲೇ ಇರತೀನಿ" ಎಂದೆ. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಹಗ್ಗ ಬಿಗಿದು ಕೊಟ್ಟ.

ಕನ್ನಡ ರಾಜ್ಯ ಒಂದಾಗಿ ಮೂರೋ ನಾಲ್ಕೋ ದಿನವಾಗಿತ್ತು. ಬಸ್ಸಿನ ಮುಂದೆ ಕಟ್ಟಿದ ಮಾವಿನ ತೋರಣ ಬಾಡಿ ನೇತಾಡುತ್ತಿತ್ತು. ಮುಂದಿನ ಸೀಟಿನಲ್ಲಿ ಹಿರೇವಡ್ಡಟ್ಟಿಗೆ ಹೊರಟಿದ್ದ ಮುದುಕರೊಬ್ಬರು ಎಲ್ಲರಿಗೂ ಕೇಳುವಂತೆ, "ಇನ್ನ ಮ್ಯಾಲೆ ಎಲ್ಲಾರೂ ಒಂದ ಮನಿಯವರು ಬಿಡ್ರಿ" ಎಂದರು. ಕಂಡಕ್ಟರ್, "ಒಂದ ಮನಿಯವರಾದ್ರೂ ಟಿಕೇಟು ಬ್ಯಾರೆ ಬ್ಯಾರೆ ತಗೋಬೇಕ್ರಿ ಯಜಮಾನ್ರ" ಎಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ಡಂಬಳದ ಹತ್ತಿರ ಕುರಿಗಳಿಗಾಗಿ ಕಿಟಕಿಯಿಂದ ಹಣಿಕಿ ನೋಡಿದೆ. ಎರಡೂ ಕಡೆ ಎರೆಹೊಲದಲ್ಲಿ ಜೋಳ ಮೊಣಕಾಲೆತ್ತರ ಎದ್ದಿತ್ತು. ಆ ದಿನ ನನಗೆ ಹದಿನೇಳು ವರ್ಷ, ಮತ್ತು ನಾನು ಅಷ್ಟು ಸಂತೋಷವಾಗಿ ಆಮೇಲೆ ಎಲ್ಲಿಗೂ ಹೋದದ್ದು ನೆನಪಿಲ್ಲ.

ಖೋಲಿ ಒಂದು ದೊಡ್ಡ ಮನೆಯ ಹಿಂಭಾಗದಲ್ಲಿತ್ತು. ಬಾಗಿಲಲ್ಲಿ ನಿಂತಾಗ ಒಳಗೆ ಮೂವರು ನಗುತ್ತಿದ್ದರು. ಎತ್ತರದ ಒಬ್ಬಳು ಅಪ್ಪ ನೇಯ್ದ ಸೀರೆ ಉಟ್ಟಿದ್ದಳು, ನೀಲಿ ಒಡಲು, ಹೊಂದದ ಸೆರಗು. ಹಿಮ್ಮಡ ಕಾಣುತ್ತಿರಲಿಲ್ಲ. ಗುಂಗುರು ಕೂದಲಿನ ಇನ್ನೊಬ್ಬಳು ಸ್ಟೋಗೆ ಗಾಳಿ ಹೊಡೆಯುತ್ತಿದ್ದಳು. ಚಿಗವ್ವ ಗೋಡೆಗೆ ಒರಗಿ ಕೂತು ಕಣ್ಣೀರು ಬರುವಂತೆ ನಗುತ್ತಿದ್ದಳು. ಅವಳು ಹಾಗೆ ನಕ್ಕದ್ದನ್ನು ನಮ್ಮ ಮನೆಯಲ್ಲಿ ನಾನು ನೋಡಿರಲಿಲ್ಲ.

"ಬಂದಿ ಏನಲೇ!" ಎಂದು ಎದ್ದು ಬಂದು ತಬ್ಬಿಕೊಂಡಳು. ಆಮೇಲೆ ಅವಳ ಕಣ್ಣು ಹಾಸಿಗೆಯ ಮೇಲೆ ಬಿತ್ತು. "ಇದೇನು, ಹಾಸಿಗಿ ಹೊತಗೊಂಡು ಬಂದಿ? ಸಂಜಿಕ ಬಸ್ ಐತಲ್ಲ."

ನಾನು ಏನೋ ಅಂದೆ. ಅವ್ವ ಕೊಟ್ಟಳು ಎಂದೆನೇನೋ.

ಎತ್ತರದವಳು ನಕ್ಕಳು: "ಇರವಲ್ಲದ್ಯಾಕ, ಮಂದಿ ಮನಿಗೆ ಹಾಸಿಗಿ ತಗೊಂಡು ಬರೂದು ಚೊಲೋ ಪದ್ಧತಿ. ನಮ್ಮ ಮನಿಗೆ ಬರೋ ಬೀಗರು ಹೊದಿಕಿನೂ ತರಾಂಗಿಲ್ಲ."

ಒಳ್ಳೆಯ ಹುಡುಗಿಯರು ಅವರು. ನನಗೆ ಅವಲಕ್ಕಿ ಕಲಸಿ ಕೊಟ್ಟರು, ಮೊಸರು ಹಾಕಿದರು, ಮ್ಯಾಟ್ರಿಕ್ಕಿನಲ್ಲಿ ಎಷ್ಟು ಮಾರ್ಕು ಬಂತು ಎಂದು ಕೇಳಿದರು. ಸ್ಟೋ ಆರಿದಾಗ ಗುಂಗುರು ಕೂದಲಿನವಳು ಖೋಲಿ ನಾಟಕದ ಮಾಲಕಿಯ ದನಿ ತೆಗೆದು ಬೈದಳು, ಎತ್ತರದವಳು ಟೈಪಿನಾಕಿಯಾಗಿ ಉತ್ತರ ಕೊಟ್ಟಳು. ಇಬ್ಬರೂ ತಮ್ಮ ತಮ್ಮ ಊರಲ್ಲಿ ಅದನ್ನು ಕೇಳಿದವರೇ. ನನಗೂ ಉತ್ಸಾಹ ಬಂತು. ನಾನೂ ಸೇರಿಕೊಂಡೆ: "ನಾಲ್ಕನೇ ತಾಟು ಎಲ್ಲಿ? ಬೆಟಗೇರಿಯಾಕಿ ಬಸ್ಸಿನ್ಯಾಗ ಬರಾಕ ಹತ್ಯಾಳಲ್ಲ!"

ಇಬ್ಬರೂ ನನ್ನನ್ನು ನೋಡಿದರು.

"ಯಾವ ಬೆಟಗೇರಿಯಾಕಿ?" ಎತ್ತರದವಳು ಕೇಳಿದಳು. "ನಾಲ್ಕನೇಯಾಕಿ ಎಲ್ಲಿದ್ಲು? ಮೂರ ಮಂದಿ ಅಲ್ಲೇನು ಅವರು?"

"ಇದ್ಲಲ್ಲ. ಹಾಸಿಗಿ ಮರತು ತಿರುಗಿ ಮನಿಗೆ ಓಡಿದಾಕಿ. ಚಿಗವ್ವನ್ನ ಕೇಳ್ರಿ."

"ನಿಮ್ಮ ಚಿಗವ್ವ ನಮಗ ದಿನಾ ಖೋಲಿ ಕತಿ ಹೇಳತಾಳವಾ. ಈಕಿ ಸುದ್ದಿ ಒಂದ ದಿನಾನೂ ತಗದಿಲ್ಲ."

ಚಿಗವ್ವ ಸ್ಟೋ ಮುಂದೆ ಬಗ್ಗಿದ್ದಳು. ಪಿನ್ನು ಹಾಕಿ ಅದರ ಬಾಯಿ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. "ಸಣ್ಣಾಕಿ ಇದ್ಲು, ಏನೇನೋ ನೆನಪ ಇಟಗೊಂಡಾಳ" ಎಂದಳು.

ಅಷ್ಟೇ. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಮಾತು ಬೇರೆ ಕಡೆ ಹೋಯಿತು, ಅವರು ಮತ್ತೆ ನಕ್ಕರು. ನಾನು ಬಾಗಿಲ ಹತ್ತಿರ ನನ್ನ ಹಾಸಿಗೆಯ ಸುರುಳಿಯ ಮೇಲೆ ಕೂತು ಖೋಲಿಯನ್ನು ಕಣ್ಣಲ್ಲೇ ಅಳೆದೆ. ಗೋಡೆಗೆ ಮೂರು ಹಾಸಿಗೆಗಳನ್ನು ಸುತ್ತಿ ಇಟ್ಟಿದ್ದರು. ಅವನ್ನು ಬಿಚ್ಚಿದರೆ ನೆಲ ಮುಗಿಯುತ್ತದೆ. ನಾಲ್ಕನೆಯದು ಹಾಕಬೇಕೆಂದರೆ ಒಂದು ಟ್ರಂಕು ಹೊರಗಿಡಬೇಕು. ಟ್ರಂಕು ಹೊರಗಿಡಬಹುದಿತ್ತು ಎಂದು ಆಗ ಅನಿಸಿತ್ತು, ಈಗಲೂ ಅನಿಸುತ್ತದೆ.

ಸಂಜೆ ಬಸ್ಸಿಗೆ ಚಿಗವ್ವ ಬಂದಳು. ಹಾಸಿಗೆಯನ್ನು ತಾನೇ ಹೊತ್ತುಕೊಂಡಳು. ದಾರಿಯುದ್ದಕ್ಕೂ ಮಾತಾಡಿದಳು. ಅವ್ವನ ಮಂಡಿನೋವು ಹೇಗಿದೆ, ಅಪ್ಪ ಈಗ ಯಾವ ನೂಲು ನೇಯುತ್ತಾನೆ. "ನೀ ಕಾಲೇಜು ಸೇರು. ಶಾಣ್ಯಾ ಅದಿ ನೀ. ಈ ಮಾಸ್ತರಕಿ ನಿನಗ ಬ್ಯಾಡ." ನಾನು ಹೂಂ ಹೂಂ ಎಂದೆ. ಒಂದು ಶಬ್ದಕ್ಕಾಗಿ ಕಾದೆ. ಬಸ್ಸು ಬಂತು, ಹಾಸಿಗೆ ಮೇಲೆ ಹೋಯಿತು. "ಹುಷಾರ ಹೋಗವಾ. ಅವ್ವಗ ಆರಾಮದೀನಿ ಅಂತ ಹೇಳು." ಬಸ್ಸು ತಿರುಗುವ ಮೊದಲೇ ಅವಳು ಬೆನ್ನು ತಿರುಗಿಸಿ ಜಲ್ದಿ ಜಲ್ದಿ ನಡೆದದ್ದು ನನಗೆ ಕಾಣುತ್ತದೆ. ಇದು ಖರೆ ನೆನಪೋ, ನಾನು ಆಮೇಲೆ ಕೂಡಿಸಿದ್ದೋ ಗೊತ್ತಿಲ್ಲ. ಆ ದಿನದ ಪುಟದಲ್ಲಿ ಇರುವುದು ಎರಡೇ ವಾಕ್ಯ: "ಮುಂಡರಗಿಗೆ ಹೋಗಿ ಬಂದೆ. ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು."

ನಾನು ಕಾಲೇಜು ಸೇರಿದೆ, ಆಮೇಲೆ ಧಾರವಾಡದಲ್ಲಿ ಎಂ.ಎ. ಮಾಡಿದೆ. ಹಾಸ್ಟೆಲಿನ ಖೋಲಿಯಲ್ಲಿ ಮೂರು ಮಂಚವಿದ್ದವು. ಅಲ್ಲಿಯೂ ಒಬ್ಬಳಿಗೆ ಆ ನಾಟಕ ಬಾಯಿಪಾಠ, ಅವರ ಮನೆಯಲ್ಲೇ ರೇಡಿಯೋ ಇತ್ತಂತೆ, ಪೂರ್ತಿ ಕೇಳಿದವಳು. ಕೊನೆಯ ಕಂತಿನಲ್ಲಿ ಸ್ಟೋ ಹೊತ್ತಿತು, ಟೈಪಿನಾಕಿಯ ಮದುವೆಯಾಯಿತು, ಖೋಲಿ ಖಾಲಿ ಮಾಡಿದರು ಎಂದಳು. ನಾನು ಸುಳ್ಳು ಎಂದು ಜಗಳ ಮಾಡಿದೆ. ಕೇಳದ ಕಂತಿನ ಬಗ್ಗೆ ಜಗಳ! ಆದರೆ ಅದನ್ನು ಒಪ್ಪಲು ನನ್ನಿಂದಾಗಲಿಲ್ಲ. ನಮ್ಮ ಓಣಿಯ ಹೆಣ್ಣುಮಕ್ಕಳ ಕತೆಗಳೆಲ್ಲ ಮುಗಿಯುತ್ತಿದ್ದವು. ಮದುವೆಯಾಗಿ ಹೋದಳು ಎಂದೋ, ತಿರುಗಿ ಬಂದಳು ಎಂದೋ. ಖೋಲಿಯ ಹುಡುಗಿಯರಿಗೆ ಒಂದು ವಾರವೂ ಏನೂ ಆಗಿ ಮುಗಿಯುತ್ತಿರಲಿಲ್ಲ. ನೌಕರಿ ಸಿಗದೆ, ಸ್ಟೋ ಹೊತ್ತದೆ, ಮುಂದಿನ ವಾರ ಮತ್ತೆ ಅಲ್ಲೇ ಮೂವರು. ನಾನು ಅದಕ್ಕೆ ಸೋತದ್ದು ನಗುವಿಗಾಗಿ ಎಂದುಕೊಂಡಿದ್ದೆ. ಅವರು ಮತ್ತೆ ಅಲ್ಲಿರುತ್ತಾರೆ ಎಂಬ ಭರವಸೆಗಾಗಿ ಸೋತಿದ್ದೆನೇನೋ.

ಈಗ ಗದಗಿನಲ್ಲಿರುವ ನನ್ನ ಮನೆಯ ಮೇಲಿನ ಭಾಗದಲ್ಲಿ ನಾಗಾವಿಯ ವಿಶ್ವವಿದ್ಯಾಲಯದಲ್ಲಿ ಓದುವ ಮೂವರು ಹುಡುಗಿಯರು ಬಾಡಿಗೆಗಿದ್ದಾರೆ. ಊಟದ ಹೊತ್ತಿಗೆ ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ಯಾವುದೋ ನಗೆಧಾರಾವಾಹಿ ನೋಡುತ್ತಾರೆ. ಕೆಲಸವಿಲ್ಲದ ಹುಡುಗಿಯರು, ಒಂದು ಮನೆ, ಜಗಳ, ನಗು. ಒಮ್ಮೆ ನನ್ನನ್ನೂ ಕರೆದರು.

"ಬರ್ರಿ ಅಜ್ಜಿ, ಕುಂಡ್ರಿ. ನಗತೀರಿ ನೋಡ್ರಿ."

"ಇದನ್ನ ಎಷ್ಟನೇ ಸಲ ನೋಡೂದು?"

"ಯಾರ ಎಣಸ್ಯಾರ್ರಿ! ಇದು ಇಲ್ದ ಅನ್ನ ಇಳಿಯಾಂಗಿಲ್ಲ ಇಕಿಗೆ."

ಮುಂದೆ ಬರುವ ಮಾತುಗಳನ್ನು ಅವರು ಮೊದಲೇ ಹೇಳಿ ನಗುತ್ತಿದ್ದರು. ನನಗೆ ಭಾಷೆ ಅರ್ಧ ತಿಳಿಯಲಿಲ್ಲ, ಆದರೂ ಒಂದು ಗಂಟೆ ಕೂತಿದ್ದೆ. ಕೆಳಗಿಳಿದು ಬಂದ ಮೇಲೆ ಮನೆ ಬಿಕೋ ಎನ್ನುತ್ತಿತ್ತು. ಹಳೆಯ ದಿನಚರಿಗಳನ್ನು ತೆಗೆದದ್ದು ಆ ದಿನ.

ಚಿಗವ್ವ ಈಗಲೂ ಮುಂಡರಗಿಯಲ್ಲಿದ್ದಾಳೆ. ಗುಂಗುರು ಕೂದಲಿನವಳು ಹೋಗಿ ಹತ್ತು ವರ್ಷವಾಯಿತು. ಎತ್ತರದವಳೂ ಚಿಗವ್ವನೂ ಅರವತ್ತಕ್ಕೂ ಹೆಚ್ಚು ವರ್ಷಗಳಿಂದ ಜೊತೆಗೇ ಇದ್ದಾರೆ, ಈಗ ಸ್ವಂತ ಮನೆ. ನಾನು ವರ್ಷಕ್ಕೊಮ್ಮೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತೇನೆ. ನಾನು ಅಲ್ಲಿ ಉಳಿದಿದ್ದರೆ ಓದುತ್ತಿರಲಿಲ್ಲ. ಅವಳು ನನಗೆ ಒಳ್ಳೆ ದಾರಿಯನ್ನೇ ತೋರಿಸಿದಳು ಎಂದು ಲೋಕಕ್ಕೆಲ್ಲ ಹೇಳಿದ್ದೇನೆ. ಸುಳ್ಳಲ್ಲ. ಆದರೆ ಎಷ್ಟೋ ಖೋಲಿಗಳಲ್ಲಿ, ಹಾಸ್ಟೆಲಿನಲ್ಲಿ, ನೌಕರಿಯ ಊರುಗಳಲ್ಲಿ, ಮದುವೆಯಾಗಿ ಇದ್ದ ಮನೆಯಲ್ಲಿ ಕೂಡ, ನಾನು ಬಾಗಿಲ ಹತ್ತಿರವೇ ಕೂತು ಬಂದವಳು. ಇದಕ್ಕೂ ಆ ದಿನಕ್ಕೂ ಸಂಬಂಧವಿದೆಯೇ, ಇಲ್ಲಾ ಸಂಬಂಧ ನಾನೇ ಹೆಣೆದದ್ದೇ, ಅದನ್ನಾದರೂ ತಿಳಿಯಬೇಕಿತ್ತು.

ಹೋದ ತಿಂಗಳು ಹೋದಾಗ ಎತ್ತರದವಳು ಹಿತ್ತಲಲ್ಲಿದ್ದಳು. ಚಿಗವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಮಂದವಾಗಿದೆ, ಹರಳನ್ನು ಬೆರಳಿನಿಂದಲೇ ಗುರುತಿಸುತ್ತಾಳೆ. ನಾನು ಕೇಳಿದೆ. ಅವಳಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಬೆರಳು ನಿಂತಿತು. "ಬಸ್ಸು ಎಷ್ಟಕ್ಕ ಐತಿ ನಿಂದು?" ಎಂದಳು. ಬಂದ ಮೇಲೆ ಒಂದು ಕಾಗದದಲ್ಲಿಯೂ ಅದನ್ನೇ ಬರೆದು ಹಾಕಿದ್ದೇನೆ, ಎತ್ತರದವಳು ಓದಿ ಹೇಳಿರಬೇಕು. ಇನ್ನೂ ಏನೂ ಬಂದಿಲ್ಲ.

ನಾನು ಕೇಳಿದ್ದು ಇಷ್ಟೇ: "ಚಿಗವ್ವ, ನಾ ಹಾಸಿಗಿ ಕಟಗೊಂಡು ಬಂದಿದ್ದು ನಿನಗ ತಿಳದಿತ್ತು. ಒಂದ ಸಲ ಬಾಯಿಮಾತಿಗಾದ್ರೂ ಇರು ಅಂತ ಯಾಕ ಅನಲಿಲ್ಲ?"